ನೂರಕ್ಕೆ ಹದಿನೇಳು ಅಂಕದ ಪುಸ್ತಕದಂಗಡಿ

ದಾವಣಗೆರೆ,
ಫೆಬ್ರುವರಿ ಮೂವತ್ತು, ಎರಡು ಸಾವಿರದ ಇನ್ನೂರ ಎಂಬತ್ತೇಳು

ಗತಕಾಲದ ಗ್ರಂಥಪ್ರಿಯರೇ, ಗ್ರಂಥಕ್ಕಿಂತ ಅದರ ಗಂಧಪ್ರಿಯರೇ, ಕೊಳ್ಳದೆಯೂ ಕೃತಾರ್ಥರಾಗಬಲ್ಲ ಕಲಾರಸಿಕರೇ, ಪರವೂರಿನ ಕಪಾಟಿನ ಮುಂದೆ ಕೆನ್ನೆಗೆ ಕೈಯಿಟ್ಟು ನಿಂತು ಕ್ಯಾಮೆರಾಕ್ಕೆ ಕಾದವರೇ, ನಿಮ್ಮೆಲ್ಲರಿಗೂ ಈ ಪರೀಕ್ಷಕನ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೆ ಮೂವತ್ತು ದಿನ. ಹಿಂದಿನ ಇಪ್ಪತ್ತೆಂಟು ಯಾರಿಗೂ ಸಾಲುತ್ತಿರಲಿಲ್ಲ. ತಿಂಗಳೊಳಗೆ ಮಾಡಿ ಮುಗಿಸುತ್ತೇವೆ ಎಂದು ಮಾತು ಕೊಟ್ಟವರೆಲ್ಲ ಸೇರಿ ಅರ್ಜಿ ಹಾಕಿ, ಎರಡು ದಿನ ಮಂಜೂರು ಮಾಡಿಸಿಕೊಂಡರು. ನನ್ನ ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮೆಯಿರಲಿ. ನೀವು ಪುಸ್ತಕದಂಗಡಿ ಎನ್ನುತ್ತಿದ್ದುದನ್ನು ನಾವು ಹಾಳೆಮನೆ ಎನ್ನುತ್ತೇವೆ. ಅಂಗಡಿ ಎಂದರೆ ಏನಾದರೂ ಮಾರಬೇಕಾಗುತ್ತದೆ, ಹಾಗಾಗಿ ಆ ಪದ ಬಿಟ್ಟೆವು. ಒಂದು ಹಾಳೆಮನೆ ಎಷ್ಟು ಮುದ್ದಾಗಿದೆ ಎಂದು ನೂರಕ್ಕೆ ಕೊಡುವ ಅಂಕಕ್ಕೆ ಚಂದಾಂಕ ಎಂದು ಹೆಸರು. ಮೂವತ್ತೈದು ಬಂದರೆ ಪಾಸು, ಬರದಿದ್ದರೆ ಬಾಗಿಲು ಬಂದ್. ಇದನ್ನೆಲ್ಲ ನೋಡಿಕೊಳ್ಳುವುದು ಅಂಗಡಿ ಅಂದ ಪ್ರಾಧಿಕಾರ. ಅದರ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ: ಅಂದವಿದ್ದರೆ ಅನುಮತಿ, ಇಲ್ಲದಿದ್ದರೆ ಸದ್ಗತಿ. ಪ್ರಾಸ ನನ್ನದೇ. ನಾನು ಅಲ್ಲಿ ಪರೀಕ್ಷಕ ಸಂಖ್ಯೆ ನಲವತ್ತಾರು. ಊರೂರು ಅಲೆದು ಹಾಳೆಮನೆಗಳಿಗೆ ಅಂಕ ಹಾಕುವುದು ನನ್ನ ಕೆಲಸ.

ನಮ್ಮ ಮನೆಯ ಹತ್ತಿರವೇ ಇರುವ ಒಂದಕ್ಕೆ ಮೂರು ತಿಂಗಳ ಹಿಂದೆ ಹದಿನೇಳು ಕೊಟ್ಟೆ. ನಿಯಮದ ಪ್ರಕಾರ ಅದು ಎಂದೋ ಮುಚ್ಚಬೇಕಿತ್ತು. ಇನ್ನೂ ತೆರೆದಿದೆ. ಯಾಕೆ ತೆರೆದಿದೆ ಎಂದು ಇವತ್ತು ಸಂಜೆ ಏಳರೊಳಗೆ ವರದಿ ಬರೆಯಬೇಕು. ಅದನ್ನು ಬರೆಯಲು ಕೈ ಬಾರದೆ ನಿಮಗೆ ಪತ್ರ ಬರೆಯುತ್ತಿದ್ದೇನೆ.

ಮೊದಲು ನಮ್ಮ ಚಂದದ ಹಾಳೆಮನೆಗಳ ವಿಚಾರ ಹೇಳಿಬಿಡುತ್ತೇನೆ, ಹೊಟ್ಟೆ ತೊಳಸುವುದನ್ನು ತಡೆದುಕೊಳ್ಳಿ. ಕಳೆದ ವರ್ಷ ನನ್ನ ಸಹಪರೀಕ್ಷಕಿಯೂ ಹೆಂಡತಿಯೂ ಆದ ವಿಶಾಲಾಕ್ಷಿಯ ಜೊತೆ ಬೆಟ್ಟದ ಮೇಲಿನ ಒಂದಕ್ಕೆ ಹೋಗಿದ್ದೆ. ಬಾಗಿಲಲ್ಲೇ ಮಂಜುಯಂತ್ರ. ಒಳಗೆ ಗಂಧಯಂತ್ರ, ಹತ್ತು ನಿಮಿಷಕ್ಕೊಮ್ಮೆ ಹಳೆಯ ಕಾಗದದ ವಾಸನೆಯನ್ನು ಪುಸ್ ಎಂದು ಉಗುಳುತ್ತದೆ. ಕಿಟಕಿಯ ಮೇಲೆ ಬೆಕ್ಕು. ಬೆಕ್ಕಿಗೇ ಹದಿನೈದು ಅಂಕ ಇರುವುದರಿಂದ ಅದು ಕಡ್ಡಾಯ. ಆದರೆ ಚಂದದ ಬೆಕ್ಕುಗಳಿಗೆ ಅಭಾವ. ಈ ಬೆಕ್ಕು ಮೂರು ಹಾಳೆಮನೆಗಳಲ್ಲಿ ಪಾಳಿಯ ಮೇಲೆ ಮಲಗುತ್ತದೆ, ಸೋಮವಾರ ರಜೆ. ಎಲ್ಲರೂ ಸಾಲಾಗಿ ನಿಂತು ಕೈಮುಟ್ಟು ಶಾಸ್ತ್ರ ಮಾಡುತ್ತಿದ್ದರು. ಕೈಮುಟ್ಟು ಎಂದರೆ ಪುಸ್ತಕವೊಂದನ್ನು ಎದೆಗೆ ಒತ್ತಿಕೊಂಡು, ಎಲ್ಲೋ ದೂರ ನೋಡಿ, ಚಿತ್ರ ತೆಗೆಸಿಕೊಂಡು ವಾಪಸಿಡುವುದು. ನಮ್ಮ ಮುಂದೆ ಇಬ್ಬರು ಹೆಂಗಸರಿದ್ದರು.

"ಏ, ಆ ನೀಲಿದು ಹಿಡ್ಕೊಳೇ, ನಿನ್ನ ಸೀರೆಗೆ ಸರಿಹೋಗುತ್ತೆ."

"ಇದರೊಳಗೆ ಏನಿದೆ?"

"ಒಳಗೆ ಯಾರು ನೋಡ್ತಾರೆ? ಹಿಡ್ಕೊ, ಹಿಂದೆ ಜನ ಕಾಯ್ತಿದಾರೆ."

ನಾನು ಆ ಜಾಗಕ್ಕೆ ತೊಂಬತ್ತೊಂದು ಕೊಟ್ಟೆ.

ಅಲ್ಲಿಂದ ಕರಾವಳಿಗೆ ಇಳಿದೆವು. ಅಲ್ಲೊಂದು ಹಾಳೆಮನೆಯನ್ನು ಹಳೆಯ ಮೀನುದೋಣಿಯೊಳಗೆ ಮಾಡಿದ್ದಾರೆ. ಲಾಟೀನು, ಬಲೆ, ಹಗ್ಗ, ಶಂಖ, ಎಲ್ಲ ಇದ್ದ ಜಾಗದಲ್ಲಿ ಮೀನಿನ ವಾಸನೆ ಮಾತ್ರ ಇಲ್ಲ, ಬಂದರೆ ಚಂದಾಂಕಕ್ಕೆ ಹೊಡೆತ. ನಾನು ಹಳೆಯ ಚಾಳಿಯವನು, ಒಂದು ದಪ್ಪ ಪುಸ್ತಕವನ್ನು ಕಪಾಟಿನಿಂದ ಎಳೆದೆ. ಬರಲಿಲ್ಲ. ಮತ್ತೊಂದು ಸಲ ಎಳೆದೆ. ಇಡೀ ಸಾಲೇ ಕದಲಿತು. ಪುಸ್ತಕಗಳ ಬೆನ್ನುಗಳನ್ನು ಮಾತ್ರ ಒಂದು ಹಲಗೆಗೆ ಅಂಟಿಸಿದ್ದರು, ಹಿಂದೆ ಥರ್ಮೋಕೋಲು. ನೋಡಿಕೊಳ್ಳುವಾತ ಓಡಿಬಂದ.

"ಅದು ಓದ್ಲಿಕ್ಕೆ ಇಟ್ಟದ್ದಲ್ಲ ಮಾರಾಯ್ರೇ. ನೀವು ಒಂದು ಫೋಟೊ ತೆಗೀರಿ, ಕಾಫಿ ಕುಡೀರಿ."

"ಮತ್ತೆ ಓದುವವರು ಬಂದರೆ?"

"ಹದಿನಾಲ್ಕು ವರ್ಷ ಆಯ್ತು ನಾನಿಲ್ಲಿ. ಒಬ್ರು ಬಂದಿದ್ರು. ಅವ್ರಿಗೆ ಟಾಯ್ಲೆಟ್ ಬೇಕಿತ್ತು."

ಆತನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಕಾಫಿ ಕುಡಿದೆ, ಬೆಲ್ಲದ ಬಿಸ್ಕತ್ತು ತಿಂದೆ, ಬಾಗಿಲಲ್ಲಿ ಕೊಟ್ಟ ಬಟ್ಟೆಚೀಲ ಹೆಗಲಿಗೆ ಹಾಕಿಕೊಂಡೆ, ತೊಂಬತ್ತಾರು ಕೊಟ್ಟೆ. ಚೀಲದ ಮೇಲೆ ಓದಿನ ಮಹಿಮೆ ಅಚ್ಚಾಗಿತ್ತು. ಇಂಥ ಚೀಲಗಳು ನಮ್ಮ ಅಡಿಗೆಮನೆಯ ಮೊಳೆಯಲ್ಲಿ ಹನ್ನೊಂದು ತೂಗಾಡುತ್ತಿವೆ. ಮೇಲೆ ಜ್ಞಾನದ ಗುಣಗಾನ, ಒಳಗೆ ಮೆಣಸಿನಕಾಯಿ, ಬದನೆ, ಬೀನ್ಸು. ಬಸ್ಸಿನಲ್ಲಿ ವಾಪಸು ಬರುವಾಗ ವಿಶಾಲಾಕ್ಷಿ ಒಂದೇ ಮಾತು ಕೇಳಿದಳು: "ಊರೂರು ತಿರುಗಿ ನೋಡ್ತೀರಲ್ಲ, ಮನೆ ಹತ್ರದ್ದು ಕಣ್ಣಿಗೆ ಬೀಳಲ್ವಾ ನಿಮಗೆ?" ನಾನು ಕಿಟಕಿಯಾಚೆ ನೋಡುತ್ತ ಸಮುದ್ರದ ಸೊಬಗಿಗೆ ಪ್ರಾಸ ಹುಡುಕುತ್ತಿದ್ದೆ.

ಮನೆ ಹತ್ತಿರದ್ದು ಎಂದರೆ ಹಾಲಪ್ಪನವರದು. ನಮ್ಮ ಮನೆಯಿಂದ ಇನ್ನೂರು ಹೆಜ್ಜೆ, ಸೈಕಲ್ ರಿಪೇರಿಯವನಿಗೂ ಕನ್ನಡಕದವನಿಗೂ ನಡುವೆ. ಎರಡು ಟ್ಯೂಬ್‌ಲೈಟು, ಅದರಲ್ಲೊಂದು ಮಿಣುಕುತ್ತದೆ. ಕಬ್ಬಿಣದ ರ್ಯಾಕು, ಹಸಿರು ಬಣ್ಣ, ತುಕ್ಕು. ಮುಂದೆ ಗೈಡುಗಳು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು. ಒಳಗೆ ಹೋದರೆ ಕತೆ, ಕವಿತೆ, ಚರಿತ್ರೆ, ಹೋಮಿಯೋಪತಿ, ಎಲ್ಲ ಒಂದರ ಮೇಲೊಂದು. ಬೆಕ್ಕಿಲ್ಲ, ಕಾಫಿಯಿಲ್ಲ, ಚೀಲವಿಲ್ಲ. ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ ಕೊಡುತ್ತಾರೆ. ಎಲ್ಲಕ್ಕಿಂತ ಹೇಸಿಗೆಯ ಸಂಗತಿಯೆಂದರೆ ಒಳಗೆ ಕಾಲಿಟ್ಟವರನ್ನು ಹಾಲಪ್ಪನವರು ನೇರವಾಗಿ ಕೇಳುತ್ತಾರೆ: "ಹೋದ್ಸಲ ಒಯ್ದಿದ್ದು ಓದಿದ್ರಾ?" ಇಂಥ ಪ್ರಶ್ನೆಗೆ ನಮ್ಮ ನಮೂನೆಯಲ್ಲಿ ಐದು ಅಂಕ ಕಡಿತವಿದೆ.

ಅಲ್ಲಿ ಇನ್ನೊಂದು ಪದ್ಧತಿಯಿದೆ. ಬಾಗಿಲ ಪಕ್ಕ ಶಾಲೆಯದೊಂದು ಹಳೆಯ ಕರಿಹಲಗೆ ತೂಗುಹಾಕಿದ್ದಾರೆ. ಅಂಗಡಿಯಲ್ಲಿಲ್ಲದ ಪುಸ್ತಕವನ್ನು ಯಾರಾದರೂ ಕೇಳಿದರೆ ಹಾಲಪ್ಪನವರು ಇಲ್ಲ ಎನ್ನುವುದಿಲ್ಲ, "ನೋಡಣ" ಎನ್ನುತ್ತಾರೆ. ಆಮೇಲೆ ಧಾರವಾಡಕ್ಕೋ ಮೈಸೂರಿಗೋ ಬಸ್ಸು ಹತ್ತಿ, ಗೋದಾಮಿನ ಧೂಳಿನಲ್ಲಿ ಕೂತು ಹುಡುಕಿ ತರುತ್ತಾರೆ. ತಂದ ದಿನ ಕೇಳಿದವರ ಹೆಸರನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆಯುತ್ತಾರೆ. ಫೋನು ಮಾಡುವುದಿಲ್ಲ, ಹೇಳಿ ಕಳಿಸುವುದಿಲ್ಲ. ದಾರಿಯಲ್ಲಿ ಹೋಗುವವರು ತಮ್ಮ ಹೆಸರು ಕಂಡು ಒಳಗೆ ಬರಬೇಕು, ಪುಸ್ತಕ ತೆಗೆದುಕೊಳ್ಳಬೇಕು, ಹೋಗುವಾಗ ತಮ್ಮ ಹೆಸರನ್ನು ತಾವೇ ಅಂಗೈಯಿಂದ ಒರೆಸಬೇಕು. ಒಂದು ಕಾಲದಲ್ಲಿ ಆ ಓಣಿಯ ಜನರ ಬಲಗೈ ಸದಾ ಬೆಳ್ಳಗಿರುತ್ತಿತ್ತು ಎನ್ನುತ್ತಾರೆ. ಹಲಗೆಯ ಚಂದಕ್ಕೆ ನಮ್ಮಲ್ಲಿ ನಮೂನೆಯಿಲ್ಲ. ಕಸ ಎಂದು ಬರೆದು ಸೊನ್ನೆ ಹಾಕಿದೆ.

ಒಟ್ಟು ಹದಿನೇಳು. ಅಂಕ ಕೇಳಿ ಹಾಲಪ್ಪನವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು.

"ಹದಿನೇಳಾ? ನಾನು ಎಸ್ಸೆಸ್ಸೆಲ್ಸಿ ಇಂಗ್ಲಿಷಿನಾಗೆ ಹದಿನಾರು ತಗಂಡಿದ್ದೆ. ಒಂದು ಜಾಸ್ತೀನೇ ಬಂತಲ್ಲ."

ಬೇಸರವಿಲ್ಲವೇ ಎಂದರೆ, "ಎಂಥ ಬೇಸರ? ಮುಚ್ಚಣ ಬಿಡ್ರಿ. ನನ್ನ ಮಂಡೀನೂ ಅದನ್ನೇ ಹೇಳ್ತೈತಿ, ಡಾಕ್ಟ್ರೂ ಅದನ್ನೇ ಹೇಳ್ತಾರೆ. ಆದ್ರೆ ಹಲಗೆ ಮ್ಯಾಲೆ ಒಂದು ಹೆಸರು ಉಳ್ದೈತಿ. ಅವ್ರು ಬಂದು ಒರೆಸ್ಕಂಡು ಹೋಗ್ಲಿ, ಅವತ್ತೇ ಸಂಜಿಗೆ ಶಟರ್ ಎಳೀತೀನಿ."

"ಅವರು ಬರದಿದ್ದರೆ?"

"ಕೇಳ್ದೋರು ಬರ್ದೆ ಇರ್ತಾರಾ?"

ಹಾಗಾಗಿ ಅಂಗಡಿ ತೆರೆದಿದೆ. ರ್ಯಾಕುಗಳು ಮುಕ್ಕಾಲು ಖಾಲಿ. ಗೈಡುಗಳನ್ನು ಇನ್ನೊಬ್ಬರು ಒಯ್ದಾಯಿತು. ಜಾಗಕ್ಕೆ ಮೊಬೈಲ್ ಕವರಿನವನು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಆದರೂ ದಿನಾ ಬೆಳಿಗ್ಗೆ ಹತ್ತಕ್ಕೆ ಹಾಲಪ್ಪನವರು ಒಂದು ಕೈಯಲ್ಲಿ ಮಂಡಿ ಹಿಡಿದುಕೊಂಡು ಮೂರು ಮೆಟ್ಟಿಲು ಹತ್ತುತ್ತಾರೆ. ಶಟರ್ ಎತ್ತಿ, ಮೇಜಿನ ಮೇಲೆ ದಾರ ಕಟ್ಟಿಟ್ಟ ಒಂದೇ ಒಂದು ಪುಸ್ತಕದ ಧೂಳು ಕೊಡವಿ, ಸಂಜೆ ಏಳರವರೆಗೆ ಕೂರುತ್ತಾರೆ. ಹಲಗೆಯ ಮೇಲಿನ ಆ ಹೆಸರನ್ನು ಪರೀಕ್ಷಕನಾದ ನಾನು ಓದಿದ್ದೇನೆ. ವರದಿಯಲ್ಲಿ ಬರೆಯಲಾರೆ. ಸುಣ್ಣ ಮಾಸಿದೆ, ಓದಲಾಗುತ್ತಿಲ್ಲ ಎಂದು ಬರೆದರಾಯಿತು ಅಂದುಕೊಂಡಿದ್ದೆ. ಆದರೆ ಹಾಲಪ್ಪನವರು ವಾರಕ್ಕೊಮ್ಮೆ ಅದನ್ನು ತಿದ್ದಿ ಬರೆಯುತ್ತಾರೆ.

ಆದ್ದರಿಂದ, ಗತಕಾಲದವರೇ, ಎರಡೂವರೆ ಶತಮಾನದಾಚೆಯಿಂದ ನನ್ನ ಎಚ್ಚರಿಕೆ ಇಷ್ಟು. ದೂರದ ಅಂಗಡಿಗಳನ್ನು ನೀವು ಹೊಗಳಿ ಹೊಗಳಿ ಹಾಳೆಮನೆ ಮಾಡಿದಿರಿ, ಹತ್ತಿರದ ಅಂಗಡಿಗಳನ್ನು ಹಾದು ಹಾದು ಹಾಳು ಮಾಡಿದಿರಿ. ನಿಮ್ಮ ಮೇಲೆ ನನಗೆ ಇರುವುದು ಕೋಪವಲ್ಲ, ಬರೀ ವಾಕರಿಕೆ. ಆ ಚೀಲ, ಆ ಬೆಕ್ಕು, ಆ ದೂರ ನೋಡುವ ಕಣ್ಣು, ಆ...

ಸಾಕು. ಇನ್ನು ಆಗುವುದಿಲ್ಲ.

ಇದು ಇಪ್ಪತ್ತಮೂರನೇ ಶತಮಾನವಲ್ಲ. ಪ್ರಾಧಿಕಾರವೂ ಇಲ್ಲ, ಪಾಳಿಯ ಬೆಕ್ಕೂ ಇಲ್ಲ. ನಾನು ಬಕ್ಕೇಶ್, ನಲವತ್ತಾರು ವರ್ಷ, ಈ ಪತ್ರಿಕೆಯಲ್ಲಿ ಪ್ರತಿ ಭಾನುವಾರ ಪುಸ್ತಕದಂಗಡಿಗಳ ಪ್ರವಾಸದ ಅಂಕಣ ಬರೆಯುವವನು. ಕೊನೆಗೆ ತಮಾಷೆಗೆಂದು ಅಂಕ ಹಾಕುತ್ತೇನಲ್ಲ, ಅವನೇ. ನವೆಂಬರಿನಲ್ಲಿ 'ನಮ್ಮೂರಿನ ಒಂದು ಅಂಗಡಿ' ಎಂದು ಬರೆದು ಹದಿನೇಳು ಕೊಟ್ಟಿದ್ದೆ. ಹೆಸರು ಹಾಕಿರಲಿಲ್ಲ, ಮಿಣುಕುವ ಟ್ಯೂಬ್‌ಲೈಟು ಹಾಕಿದ್ದೆ. ಅಂಗಡಿ ಮುಚ್ಚುತ್ತಿರುವುದು ಅದರಿಂದಲ್ಲ, ನನ್ನ ಅಂಕಣವನ್ನು ಅಷ್ಟು ಜನ ಓದುವುದಿಲ್ಲ. ಹಾಲಪ್ಪನವರು ಮಾತ್ರ ಓದುತ್ತಾರೆ.

ಹಲಗೆಯ ಮೇಲಿನ ಹೆಸರು ನನ್ನದು. ಬಯಲುಸೀಮೆಯ ಕೆರೆಗಳ ಬಗ್ಗೆ ಬಹಳ ಹಿಂದೆ ಅಚ್ಚಾದ ಪುಸ್ತಕವೊಂದನ್ನು ಕೇಳಿದ್ದೆ. "ನೋಡಣ" ಎಂದರು. ಅವರು ಆ ಮಂಡಿಯಲ್ಲಿ ಧಾರವಾಡಕ್ಕೆ ಎರಡು ಸಲ ಹೋಗಿ ಬರುವುದರೊಳಗೆ ಅದು ನನಗೆ ಫೋನಿನಲ್ಲಿ ಸಿಕ್ಕಿತು. ಒತ್ತಿದೆ, ಮೂರನೇ ದಿನ ಮನೆ ಬಾಗಿಲಿಗೆ ಬಂತು. ಅದರ ಮರುದಿನ ಹಲಗೆಯ ಮೇಲೆ ನನ್ನ ಹೆಸರು ಬಂತು. ಅಂದಿನಿಂದ ನಾನು ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತೇನೆ. ಹಾಲಪ್ಪನವರ ಮಾತುಗಳೆಲ್ಲ ನಿಜ, ಆದರೆ ಕೇಳಿಸಿಕೊಂಡವಳು ವಿಶಾಲಾಕ್ಷಿ. ಕೊಡಿ, ನಾನೇ ಒಯ್ಯುತ್ತೇನೆ ಎಂದು ಅವಳು ಕೈ ಚಾಚಿದಳಂತೆ. "ಕೇಳ್ದೋರೇ ಒರೆಸ್ಬೇಕಮ್ಮ, ಪದ್ಧತಿ" ಎಂದರಂತೆ.

ನಾನು ಹೋಗದಿರುವುದರಿಂದಲೇ ಅಂಗಡಿ ಉಳಿದಿದೆ ಎಂದು ಅವಳೆದುರು ಒಂದು ದಿನ ಹೇಳಿದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು. ಅವಳು ಮೊಳೆಯಿಂದ ಆ ಹನ್ನೊಂದು ಚೀಲಗಳನ್ನೂ ತೆಗೆದು ನನ್ನ ಮಡಿಲಿಗೆ ಹಾಕಿದಳು. "ಆ ಮುದುಕ ನಿಮ್ಮ ಸಲುವಾಗಿ ದಿನಾ ಮೆಟ್ಲು ಹತ್ತುತಾನೆ. ಇದಕ್ಕೂ ಒಂದು ಪ್ರಾಸ ಹಾಕ್ರಿ" ಎಂದಳು.

ಫೆಬ್ರುವರಿ ಮುಗಿಯುವುದರೊಳಗೆ ಬರುತ್ತೇನೆ ಎಂದು ಅವಳ ಕೈಲಿ ಹೇಳಿ ಕಳಿಸಿದ್ದೆ. ಇವತ್ತು ಇಪ್ಪತ್ತೆಂಟು. ಈಗ ಆರು ಗಂಟೆ ಹತ್ತು ನಿಮಿಷ. ಅಂಗಡಿ ಏಳರವರೆಗೆ ಇರುತ್ತದೆ, ಇನ್ನೂರೇ ಹೆಜ್ಜೆ.

ತಿಂಗಳಿಗೆ ಎರಡು ದಿನ ಸೇರಿಸಿಕೊಂಡವನು ನಾನೇ.