ಒಂದೇ ಬಾಣಲೆಯ ಎಣ್ಣೆ

ಏಪ್ರಿಲ್ ೯, ಮಂಗಳವಾರ

ಮೇಷ್ಟ್ರಿಗೆ,

ಪ್ರೀತಿಯ ಅಂತ ಬರೆಯಲು ಕೈ ಬರಲಿಲ್ಲ. ಪೂಜ್ಯರೇ ಅನ್ನುವಷ್ಟು ವಯಸ್ಸು ನಿಮಗಿನ್ನೂ ಆಗಿಲ್ಲ. ಬೀದಿಯವರೆಲ್ಲ ಕರೆಯುವ ಹಾಗೆ ಬರೀ ಮೇಷ್ಟ್ರು ಅಂತಲೇ ಇರಲಿ.

ನಿಮ್ಮ ಕಾಗದ ಬಂತು. ಕೋರ್ಟು ನಿಮಗೆ ಕೊಟ್ಟ ಬೇಸಿಗೆ ರಜೆಯಲ್ಲಿ ಚಿಣ್ಣಿಯನ್ನು ಮಳೆಕಾಡಿಗೂ ಅದರಾಚೆಯ ಸಮುದ್ರಕ್ಕೂ ಕರೆದುಕೊಂಡು ಹೋಗುತ್ತೀರಂತೆ. ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡುತ್ತಾ ಆ ಕಡೆಯೆಲ್ಲ ಸುತ್ತಿದವಳಲ್ಲವೇ ನೀನು, ಎಲ್ಲಿ ಊಟ ಚೆನ್ನಾಗಿದೆ, ಏನೇನು ನೋಡಬಹುದು ಬರೆದು ಕಳಿಸು ಅಂದಿದ್ದೀರಿ. ಸಂಸಾರ ಮುರಿದರೂ ನನ್ನಿಂದ ಕೆಲಸ ಮಾಡಿಸಿಕೊಳ್ಳುವ ಅಭ್ಯಾಸ ಮಾತ್ರ ಗಟ್ಟಿಯಾಗಿದೆ. ಅದನ್ನಾದರೂ ಸಹಿಸಿಕೊಂಡೇನು. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀರಲ್ಲ, "ಆ ಸಿಗಡಿ ವಿಷಯ ತಲೆಗೆ ಹಚ್ಕೋಬೇಡ, ಅವಳು ದೊಡ್ಡವಳಾದ್ಲು, ಅದೆಲ್ಲ ಹೋಗಿರುತ್ತೆ ಬಿಡು" ಅಂತ. ಅದನ್ನು ಓದಿ ಮೈಯೆಲ್ಲ ಉರಿದುಹೋಯಿತು.

ಹೋಗಿಲ್ಲ. ಈ ಅಲರ್ಜಿ ಹೋಗುವುದೂ ಇಲ್ಲ ಅಂತ ಡಾಕ್ಟರು ನಿಮ್ಮೆದುರೇ ಹೇಳಿದ್ದರು. ಆಗ ನೀವು ಗೋಡೆಯ ಮೇಲಿನ ಚಿತ್ರ ನೋಡುತ್ತಿದ್ದಿರಿ.

ಮರೆತಿದ್ದರೆ ಜ್ಞಾಪಿಸುತ್ತೇನೆ. ಸಿಗಡಿಯನ್ನು ನುಣ್ಣಗೆ ಅರೆದು, ತರಕಾರಿ ಸೂಪಿನಲ್ಲಿ ಕಲೆಸಿ, ಅವಳಿಗೂ ಹೇಳದೆ ನನಗೂ ಹೇಳದೆ ಬಟ್ಟಲು ಮುಂದಿಟ್ಟವರು ನೀವು. ಗೊತ್ತಿಲ್ಲದೆ ತಿಂದರೆ ಏನೂ ಆಗುವುದಿಲ್ಲ, ಎಲ್ಲ ಮನಸ್ಸಿನ ಭಯ, ಅಂದರೆ ಅಮ್ಮ ತುಂಬಿದ ಭಯ, ಅಂತ ಸಾಬೀತು ಮಾಡಿ ತೋರಿಸಬೇಕಿತ್ತು ನಿಮಗೆ. ಗಡಿಯಾರ ಬೇರೆ ನೋಡುತ್ತಾ ಕೂತಿದ್ದಿರಿ. ವಿಜ್ಞಾನದ ಮೇಷ್ಟ್ರು, ಪ್ರಯೋಗ ಮಾಡದೆ ಏನನ್ನೂ ನಂಬುವ ಪೈಕಿಯವರಲ್ಲ. ಮಗುವಿನ ತುಟಿ ಊದಿ, ಉಸಿರು ಸಿಕ್ಕದೆ ಅವಳು ಮೇಜಿನ ಬಟ್ಟೆಯನ್ನು ಜಗ್ಗಿದಾಗಲೂ ಒಂದು ಗಳಿಗೆ ನಿಮ್ಮ ಕಣ್ಣು ಗಡಿಯಾರದ ಮೇಲೇ ಇತ್ತು. ಅದನ್ನು ನಾನು ನೋಡಿದೆ. ಅವತ್ತೇ ನಮ್ಮ ಸಂಸಾರ ಮುಗಿಯಿತು. ಆಮೇಲಿನದ್ದೆಲ್ಲ ಬರೀ ಕಾಗದಪತ್ರ.

ಸರಿ, ಕೇಳಿದ್ದೀರಲ್ಲ, ಬರೆಯುತ್ತೇನೆ. ನಿಮ್ಮ ಮುಖ ನೋಡಿ ಅಲ್ಲ, ಅವಳ ಹೊಟ್ಟೆ ನೋಡಿ.

ಕಾಡಿನ ಹೆಬ್ಬಾಗಿಲ ಹತ್ತಿರ ಬಿದಿರಿನ ಚಪ್ಪರದ ಹೋಟೆಲಿದೆ. ಅನ್ನ, ಸೊಪ್ಪು, ಬೇಯಿಸಿದ ಮೊಟ್ಟೆ. ಯಜಮಾನಿ ಸಿಡುಕಿ, ಎರಡನೇ ಸಲ ಉಪ್ಪು ಕೇಳಿದರೆ ಗುರ್ ಅನ್ನುತ್ತಾಳೆ. ನಿಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ. ಸಮುದ್ರದ್ದೇನೂ ಅವಳ ಒಲೆಗೆ ಬರುವುದಿಲ್ಲ, ಅಲ್ಲಿ ಧೈರ್ಯವಾಗಿ ತಿನ್ನಿ. ತೂಗುಸೇತುವೆಯ ಮೇಲೆ ಬೆಳಿಗ್ಗೆ ಬೇಗ ನಡೆಯಿರಿ, ಬಿಸಿಲು ಏರಿದ ಮೇಲೆ ಹಕ್ಕಿ ಇರುವುದಿಲ್ಲ, ಬರೀ ಪ್ರವಾಸಿಗರ ಬೆನ್ನು. ಜಲಪಾತದ ದಾರಿಯಲ್ಲಿ ಜಿಗಣೆ ಜಾಸ್ತಿ. ಅವಳ ಕಾಲುಚೀಲದೊಳಗೆ ಪ್ಯಾಂಟು ತೂರಿಸಿ. ನಿಮ್ಮದು ಹೇಗಾದರೂ ಇರಲಿ, ಜಿಗಣೆಗೂ ಹೊಟ್ಟೆ ಇದೆ.

ದೋಣಿಕಟ್ಟೆಯಲ್ಲಿ ಬಣ್ಣಬಣ್ಣದ ಕುರ್ಚಿ ಹಾಕಿದ ಹೋಟೆಲಿದೆ, ಎಲ್ಲರೂ ಹೊಗಳುತ್ತಾರೆ. ಅಲ್ಲಿಗೆ ಕಾಲಿಡಬೇಡಿ. ಕರಿದ ಬಾಳೆಹಣ್ಣು ನೋಡಿದರೆ ಚಿಣ್ಣಿ ಬಿಡುವುದಿಲ್ಲ. ಅದನ್ನು ಕರಿಯುವುದು ಬೆಳಿಗ್ಗೆಯಿಂದ ಸಿಗಡಿ ಕರಿದ ಎಣ್ಣೆಯಲ್ಲೇ, ಒಂದೇ ಬಾಣಲೆ. ಬಾಳೆಹಣ್ಣಿನಲ್ಲಿ ಏನಿದೆ ಅಂತ ನೀವು ತರ್ಕ ಶುರು ಮಾಡುತ್ತೀರಿ. ಏನಿದೆ ಅಂದರೆ ಅದೇ ಎಣ್ಣೆ ಇದೆ, ಮೇಷ್ಟ್ರೇ. ಆ ಕರಾವಳಿಯಲ್ಲಿ ಎಣ್ಣೆ ಬೇರೆ ಮಾಡುವ ಪದ್ಧತಿಯೇ ಇಲ್ಲ. ಇದೆಯಾ ಅಂತ ಕೇಳಿದರೆ ಇದೆ ಅನ್ನುತ್ತಾರೆ, ಗಿರಾಕಿಯ ಮನಸ್ಸು ನೋಯಬಾರದು ನೋಡಿ. ಬಾಯಿಮಾತು ನಂಬದೆ ಒಳಗೆ ಹೋಗಿ ಬಾಣಲೆ ನೋಡಬೇಕು.

ಮರಳದಂಡೆಯ ಕೊನೆಯಲ್ಲಿ ಗಂಡ ಹೆಂಡತಿ ನಡೆಸುವ ಸಣ್ಣ ಅಂಗಡಿಯಿದೆ. ಕೆಂಡದ ಮೇಲೆ ಮೀನು, ಪಕ್ಕದಲ್ಲಿ ಅನ್ನ. ಮೀನು ಚಿಣ್ಣಿಗೆ ಒಗ್ಗುತ್ತದೆ. ಸಿಗಡಿಯನ್ನೂ ಅದರ ಮೇಲೇ ಸುಡುತ್ತಾರೆ, ಜಾಲರಿಯನ್ನು ಅವಳಿಗಾಗಿ ತೊಳೆಸಿ. ಅಲ್ಲಿ ಅಲೆ ಕಡಿಮೆ, ಈಜಬಹುದು. ಬಂಡೆಯ ಆಚೆಗೆ ಸೆಳೆತ ಇದೆ, ಅಲ್ಲಿ ಪ್ರಯೋಗ ಬೇಡ.

ಇನ್ನೊಂದು ಮಾತು, ಇದನ್ನಂತೂ ಕಿವಿಗೆ ಹಾಕಿಕೊಳ್ಳಿ. ಚಿಣ್ಣಿಯ ಬಟ್ಟೆ ಜೋಡಿಸುತ್ತಾ ನಾನು ಅವಳಿಗೆ, ಅನುಮಾನ ಬಂದರೆ ಬೇಡ ಅನ್ನು ಅಂದೆ. ತಲೆ ತಗ್ಗಿಸಿ ಏನು ಹೇಳಿದಳು ಗೊತ್ತೇ? "ಅಪ್ಪ ಕೊಟ್ಟಿದ್ದನ್ನ ಬೇಡ ಅಂದ್ರೆ ಅಪ್ಪಂಗೆ ಬೇಜಾರಾಗುತ್ತೆ ಅಮ್ಮ. ಸ್ವಲ್ಪ ತಿಂದು ಸುಮ್ನಾಗ್ತೀನಿ." ನಿಮ್ಮ ಮನಸ್ಸು ಕಾಯಲು ಅವಳು ವಿಷ ನುಂಗಲೂ ತಯಾರು. ನನಗೆ ಇದೇ ಭಯ. ಊಟ ಅಲ್ಲ, ಎಣ್ಣೆ ಅಲ್ಲ, ನೀವು ಅಂದರೆ ಅವಳಿಗಿರುವ ಪ್ರೀತಿ. ಅದಕ್ಕೆ ಯಾವ ಡಾಕ್ಟರ ಹತ್ತಿರವೂ ಇಂಜೆಕ್ಷನ್ ಇಲ್ಲ.

ನಿಜವಾದ ಇಂಜೆಕ್ಷನ್ ಅವಳ ನೀಲಿ ಚೀಲದಲ್ಲಿದೆ. ತುಟಿ ದಪ್ಪವಾದರೆ ಯೋಚಿಸುತ್ತಾ ನಿಲ್ಲಬೇಡಿ, ಬಟ್ಟೆಯ ಮೇಲೇ ತೊಡೆಗೆ ಒತ್ತಿ, ಆಮೇಲೆ ಆಸ್ಪತ್ರೆಗೆ ಓಡಿ. ಅದು ಪೇಟೆಯಲ್ಲಿದೆ, ಕಾಡಿನಿಂದ ದೂರ. ಈ ಒಂದು ವಿಷಯದಲ್ಲಿ ನನ್ನನ್ನು ನಂಬಿ. ಬೇರೆ ಯಾವುದರಲ್ಲೂ ನಂಬದಿದ್ದರೆ ನನಗೇನೂ ನಷ್ಟವಿಲ್ಲ.

ಸುಖವಾಗಿ ಹೋಗಿ ಬಾ ಎಂದು ಅವಳಿಗೆ ಮಾತ್ರ ಹೇಳುತ್ತಾ,

ಚಿಣ್ಣಿಯ ಅಮ್ಮ

ತಾ.ಕ.: ಆ ಕರಾವಳಿಯ ತಪಾಸಣೆ ಈಗ ನನ್ನದಲ್ಲ, ವರ್ಗವಾಗಿದೆ. ಹಾಗಿದ್ದೂ ಈ ತಿಂಗಳ ಬಾಣಲೆಯ ಸಂಗತಿ ಇವಳಿಗೆ ಹೇಗೆ ಗೊತ್ತು ಅಂತ ಅನುಮಾನ ಬರಬಹುದು. ರಜೆ ಹಾಕಿ ಹೋಗಿ ಬಂದೆ. ಬಣ್ಣದ ಕುರ್ಚಿಯವನನ್ನೂ ಬಿಡದೆ ಪ್ರತಿಯೊಂದು ಅಡುಗೆಮನೆಗೂ ನುಗ್ಗಿ, ಒಲೆಯ ಪಕ್ಕದ ಗೋಡೆಗೆ ಚಿಣ್ಣಿಯ ಫೋಟೊ ಅಂಟಿಸಿ, ಈ ಹುಡುಗಿಗೆ ಸಿಗಡಿ ತಾಕಿದ್ದೇನೂ ಕೊಡಬೇಡಿ, ಅವಳೇ ಕೇಳಿದರೂ, ಅವಳಪ್ಪ ಕೇಳಿದರೂ, ಅಂತ ಅಡುಗೆಯವರ ಕೈಹಿಡಿದು ಹೇಳಿದ್ದೇನೆ. ಬಿದಿರಿನ ಚಪ್ಪರದ ಆ ಸಿಡುಕಿ ಯಜಮಾನಿ ಕಣ್ಣೊರೆಸಿಕೊಂಡಳು. ಚಿಣ್ಣಿ ನಗುತ್ತಿರುವ ಫೋಟೊ ನನ್ನ ಹತ್ತಿರ ಒಂದೇ ಇತ್ತು, ಅದರಲ್ಲಿ ಪಕ್ಕಕ್ಕೆ ನೀವೂ ಇದ್ದಿರಿ. ಪ್ರತಿ ತೆಗೆಸುವ ಮೊದಲು ನಿಮ್ಮನ್ನು ಕತ್ತರಿಸಿ ತೆಗೆದೆ. ಅವಳ ಹೆಗಲ ಮೇಲಿನ ನಿಮ್ಮ ಕೈ ಮಾತ್ರ ಹಾಗೇ ಉಳಿದಿದೆ. ಅದನ್ನು ಕತ್ತರಿಸಲು ಹೋದರೆ ಅವಳ ಹೆಗಲೂ ಹೋಗುತ್ತಿತ್ತು.