ನಿಮ್ಮ ಸುದ್ದಿ ನಾನೇ ಹಾಕಿದೆ

ಅಣ್ಣಾ,

ನೀವಿನ್ನು ಇದನ್ನು ಓದುವುದಿಲ್ಲ, ಆದರೂ ಹೇಳಬೇಕು. ಇಂದು ಬೆಳಿಗ್ಗೆ ನೀವು ಅಪಘಾತದಲ್ಲಿ ತೀರಿಕೊಂಡ ಸುದ್ದಿ ಪೊಲೀಸರಿಂದ ನಮ್ಮ ಆಫೀಸಿಗೆ ಬಂತು. ನಾವಿಬ್ಬರೂ ಪತ್ರಿಕೆಯಲ್ಲಿದ್ದಾಗ, "ಮೊದಲು ಮನೆಯವರಿಗೆ ಗೊತ್ತಾಗ್ಲಿ, ಆಮೇಲೆ ಬರಿ" ಎನ್ನುತ್ತಿದ್ದಿರಿ. ಈಗ ನಾನಿರುವುದು ವೆಬ್‌ಸೈಟಿನಲ್ಲಿ. "ನಿಮ್ಮ ಗುರುಗಳಲ್ವಾ, ಫೋಟೊ ಇರುತ್ತೆ, ಬೇರೆಯವರಿಗಿಂತ ಮುಂಚೆ ಹಾಕಿ" ಎಂದರು ಸಂಪಾದಕಿ. ನಾಲ್ಕೇ ನಿಮಿಷದಲ್ಲಿ ಹಾಕಿಬಿಟ್ಟೆ.

ಸ್ವಲ್ಪ ಹೊತ್ತಿಗೇ ಅತ್ತಿಗೆಯ ಫೋನ್ ಬಂತು. "ನಿಮ್ಮ ವೆಬ್‌ಸೈಟಲ್ಲಿ ಯಾರೋ ಇವರ ಬಗ್ಗೆ ಏನೇನೋ ಸುಳ್ಳು ಹಾಕಿದಾರೆ. ಈಗ ತಾನೇ ತಿಂಡಿ ತಿಂದು ಹೋದ್ರಪ್ಪ. ಮಗಳು ನೋಡೋ ಮುಂಚೆ ತೆಗೆಸಿಬಿಡು."

ನಾನು ನಿಜ ಹೇಳಲಿಲ್ಲ ಅಣ್ಣಾ. "ಆಯ್ತು ಅತ್ತಿಗೆ" ಎಂದು ಸುದ್ದಿ ಅಳಿಸಿದೆ.

ಅವರು ಸಮಾಧಾನದ ಉಸಿರು ಬಿಟ್ಟು, "ಬದುಕಿಸಿದೆ ಕಣಪ್ಪಾ" ಎಂದರು.