ಸಾವಿನ ನೀಲಿ ಹಾಳೆ

ಹೆರಾತ್, ಪುಸ್ತಕಶಾಲೆ

ಅಣ್ಣ ಶೀರ್‌ಜಾದ್‌ಗೆ ತಮ್ಮ ಕುದ್ರತನ ಸಲಾಮು.

ಬೇಟೆಯ ಬಿಡಾರದಲ್ಲಿ ನೀನೂ ನಿನ್ನ ಗಿಡುಗಗಳೂ ಚಿಕ್ಕ ಅರಸುಕುಮಾರರೂ ಚೆನ್ನಾಗಿದ್ದೀರೆಂದು ನಿನ್ನೆ ಅಲ್ಲಿಂದ ಬಂದ ಸವಾರ ಹೇಳಿದ. ಅದನ್ನೇ ಮತ್ತೆ ಮತ್ತೆ ಹೇಳಿಸಿ ಕೇಳಿದೆ.

ದೊಡ್ಡ ಅರಸುಕುಮಾರರಿಗಾಗಿ ಒಂದು ಕವಿತೆ ಕತ್ತರಿಸುತ್ತಿದ್ದೇನೆ. ಬಿಳಿ ಕಾಗದದಿಂದ ಅಕ್ಷರ ಬಿಡಿಸಿ ನೀಲಿ ಹಾಳೆಗೆ ಅಂಟಿಸಬೇಕು. ನೀಲಿ ಅಂದರೆ ಸಾವಿನ ಮನೆಯ ಬಣ್ಣ. "ಯಾರು ತೀರಿಕೊಂಡ್ರು ಯಜಮಾನ್ರೇ?" ಎಂದು ಪುಸ್ತಕಶಾಲೆಯ ಯಜಮಾನರನ್ನು ಕೇಳಿದೆ.

"ನಿನ್ ಚಾಕುಗೆ ಯಾವಾಗಯ್ಯಾ ಬಾಯಿ ಬಂತು? ಸುಮ್ನೆ ಕತ್ತರಿಸು," ಅಂದರು.

ಬೇಟೆಯಲ್ಲಿ ಕುದುರೆಯಿಂದ ಬಿದ್ದು ಸತ್ತ ಚಿಕ್ಕ ಅರಸುಕುಮಾರರಿಗಾಗಿ ಅವರಣ್ಣ ಅಳುವ ಕವಿತೆ ಅದು.

ನಮ್ಮ ಕೆಲಸದಲ್ಲಿ ಒಂದಕ್ಷರ ಹರಿದರೂ ಇಡೀ ಹಾಳೆ ದಂಡ. ಲಿಪಿಕಾರರು ಮೊದಲಿಂದ ಬರೆದುಕೊಡಬೇಕು. ಅದಕ್ಕೇ ನಿನ್ನೆ ಬೇಕೆಂದೇ ಒಂದನ್ನು ಹರಿದೆ. ಯಜಮಾನರು ಬೈಯಲಿಲ್ಲ. "ಶುಕ್ರವಾರದೊಳಗೆ ಆಗ್ಬೇಕು ಕಣಪ್ಪಾ," ಎಂದು ಬೆನ್ನು ತಟ್ಟಿ, ಬಾಗಿಲಿಗೆ ಕಾವಲು ಹಾಕಿಸಿದರು. ಈ ಕಾಗದ ರೊಟ್ಟಿಬುಟ್ಟಿಯಲ್ಲಿ ಹೊರಗೆ ಹೋಗುತ್ತಿದೆ.

ಅಮ್ಮನಿಗೆ ಮೈ ಸರಿಯಿಲ್ಲವೆಂದು ಹೇಳಿ ಕೂಡಲೇ ಹೊರಡು. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ, ಹೆದರಬೇಡ. ಅರಸುಕುಮಾರರನ್ನು ಕರೆತರಲಾದರೆ ಸರಿ, ಇಲ್ಲದಿದ್ದರೆ ಒಬ್ಬನೇ ಬಾ. ಹೇಡಿ ಎಂದು ನಗುವವರು ನಗಲಿ. ನಿನ್ನ ನಿಯತ್ತನ್ನು ಆ ಗಿಡುಗಗಳ ಜೊತೆ ಅಲ್ಲೇ ಕಟ್ಟಿಹಾಕು.

ಇವತ್ತು ಹೊಸ ಹಾಳೆ ಬಂತು. ಕೊನೆಯಲ್ಲಿ ಎರಡು ಸಾಲು ಹೆಚ್ಚಿಗೆ ಸೇರಿಸಿದ್ದಾರೆ. ಒಡೆಯನನ್ನು ಉಳಿಸಲು ಹೋಗಿ ಅವನ ಪಕ್ಕದಲ್ಲೇ ಪ್ರಾಣ ಬಿಟ್ಟ ಗಿಡುಗದಾಳು ಶೀರ್‌ಜಾದ್‌ನ ಹೊಗಳಿಕೆ.

ಆ ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿ ಮುಗಿಸಿದ್ದೇನೆ.

ದಾರಿ ಕಾಯುತ್ತಿರುವ,
ಕುದ್ರತ್